ಅಪ್ಪ ಬೆರೆಸಿದ ಗಿಮ್ಲೆಟ್

ನನ್ನ ಅಪ್ಪ ಬಾರ್‌ಮನ್ ಆಗಿದ್ದರು. ಇಷ್ಟನ್ನು ನೇರವಾಗಿ ಹೇಳಲು ನಮ್ಮ ಮನೆಯಲ್ಲಿ ಯಾರಿಗೂ ಬಿಡುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಕ್ಲಬ್ಬಿನಲ್ಲಿ ಕೆಲಸ" ಎನ್ನಬೇಕು, ಇನ್ನೂ ಕೆದಕಿದರೆ "ಸ್ಟೋರ್ ನೋಡಿಕೊಳ್ಳುತ್ತಾರೆ" ಎನ್ನಬೇಕು ಎಂದು ಅಮ್ಮ ಕಲಿಸಿಕೊಟ್ಟಿದ್ದಳು. ನಾವಿದ್ದದ್ದು ಬೊರಿವಲಿಯಲ್ಲಿ. ಬಿಲ್ಡಿಂಗಿನ ತುಂಬ ನಮ್ಮ ಉಡುಪಿ ಕಡೆಯ ಹೋಟೆಲಿನವರೇ ಇದ್ದರು. ಕೆಳಗಿನ ಮನೆಯವರು ದೋಸೆ ಹೊಯ್ಯುತ್ತಿದ್ದರು, ಎದುರು ಮನೆಯವರು ಕಾಫಿ ಹೊಯ್ಯುತ್ತಿದ್ದರು, ಅದೆಲ್ಲ ಮರ್ಯಾದೆಯ ಕೆಲಸ. ನನ್ನ ಅಪ್ಪ ಜಿನ್ ಹೊಯ್ಯುತ್ತಿದ್ದರು. ಅದೊಂದು ಮಾತ್ರ ಬಾಗಿಲು ಹಾಕಿಕೊಂಡು ಆಡಬೇಕಾದ ಮಾತು.

ಆಗ ಮುಂಬಯಿಯಲ್ಲಿ ಪಾನನಿರೋಧವಿತ್ತು. ಕುಡಿಯಬೇಕೆನ್ನುವವರು ತಮ್ಮ ಆರೋಗ್ಯಕ್ಕೆ ಮದ್ಯ ಇಲ್ಲದೆ ಆಗುವುದೇ ಇಲ್ಲ ಎಂದು ಸರಕಾರಕ್ಕೆ ಬರೆದುಕೊಟ್ಟು ಪರ್ಮಿಟ್ ಪಡೆಯಬೇಕಿತ್ತು. ಫೋರ್ಟ್ ಕಡೆಯ ಆ ಹಳೆಯ ಕ್ಲಬ್ಬಿನ ಸದಸ್ಯರೆಲ್ಲ ಹಾಗೆ ಬರೆದುಕೊಟ್ಟ ರೋಗಿಗಳು. ಮಧ್ಯಾಹ್ನವಿಡೀ ಟೆನಿಸ್ ಆಡಿ ಸಂಜೆ ಕಾಯಿಲೆ ಬೀಳುತ್ತಿದ್ದರು. ಅವರ ಕಾಯಿಲೆಗೆ ಮದ್ದು ಬೆರೆಸುತ್ತಿದ್ದವರು ನನ್ನ ಅಪ್ಪ. ಅವರು ಊರು ಬಿಟ್ಟು ಬಂದು ಮೊದಲು ಆ ಕ್ಲಬ್ಬಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆದವರು. ಗೋವೆಯ ಮುದುಕನೊಬ್ಬ ಅವರನ್ನು ಬಾರಿನ ಹಿಂದೆ ನಿಲ್ಲಿಸಿ ಕೆಲಸ ಕಲಿಸಿದನಂತೆ. ನಾನು ಬುದ್ಧಿ ಬಂದು ನೋಡುವ ಹೊತ್ತಿಗೆ ಅಪ್ಪ ಅಲ್ಲಿ ಹೆಡ್ ಬಾರ್‌ಮನ್. ಇಸ್ತ್ರಿ ಹಾಕಿದ ಬಿಳಿ ಕೋಟು, ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ ಬೂಟು, ಸದಸ್ಯರಿಂದ ಕದ್ದು ಕಲಿತ ಇಂಗ್ಲಿಷು. ತನ್ನ ಕೆಲಸದ ಬಗ್ಗೆ ಅವರಿಗಿದ್ದ ಜಂಬಕ್ಕೆ ಲೆಕ್ಕವಿರಲಿಲ್ಲ. ಹೆಂಡತಿ ಆ ಕೆಲಸವನ್ನು ಮುಚ್ಚಿಡುತ್ತಾಳೆ ಎನ್ನುವುದು ಅವರ ಜಂಬವನ್ನು ಒಂದಿಷ್ಟೂ ಮುಟ್ಟುತ್ತಿರಲಿಲ್ಲ. ಅಪ್ಪ ಎಂದೂ ಕುಡಿದವರಲ್ಲ. ಮುಂಗೈ ಮೇಲೆ ಒಂದು ತೊಟ್ಟು ಹಾಕಿಕೊಂಡು ನಾಲಿಗೆಗೆ ತಾಗಿಸಿ ರುಚಿ ನೋಡುತ್ತಿದ್ದರು, ಅಷ್ಟೇ.

ಅವರ ಹೆಸರು ನಿಂತಿದ್ದದ್ದು ಗಿಮ್ಲೆಟ್ ಮೇಲೆ. ಜಿನ್ನಿಗೆ ಸಿಹಿ ನಿಂಬೆರಸ ಬೆರೆಸಿ, ಐಸಿನ ಜೊತೆ ಕುಲುಕಿ, ಸೋಸಿ ಕೊಡುವುದು, ಹೇಳಿದರೆ ಅಷ್ಟೇ. ಆದರೆ ಆ ಹೆಸರು ಎಲ್ಲಿಂದ ಬಂತು ಎಂಬುದಕ್ಕೆ ಅಪ್ಪನ ಹತ್ತಿರ ಎರಡು ಕಥೆಗಳಿದ್ದವು. ಮೊದಲನೆಯದು ಹಡಗಿನದು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದ ಬಿಳಿಯ ನಾವಿಕರಿಗೆ ತರಕಾರಿ ಹಣ್ಣು ಇಲ್ಲದೆ ಒಸಡಿನಲ್ಲಿ ರಕ್ತ ಬರುತ್ತಿತ್ತಂತೆ. ನಿಂಬೆರಸ ಕುಡಿಯಿರಿ ಎಂದರೆ ಆಫೀಸರುಗಳು ಮುಖ ಕಿವುಚುತ್ತಿದ್ದರು. ಆಗ ನೌಕಾಪಡೆಯ ಒಬ್ಬ ಡಾಕ್ಟರು ಅದನ್ನು ಜಿನ್ನಿನಲ್ಲಿ ಬೆರೆಸಿ ಕೊಟ್ಟ, ಅವನ ಹೆಸರೇ ಪಾನೀಯಕ್ಕೆ ಬಂತು. ಎರಡನೆಯ ಕಥೆ ಬೈರಿಗೆಯದು. ಪೀಪಾಯಿಗೆ ತೂತು ಕೊರೆಯುವ ಪುಟ್ಟ ಬೈರಿಗೆಗೆ ಇಂಗ್ಲಿಷಿನಲ್ಲಿ ಗಿಮ್ಲೆಟ್ ಎನ್ನುತ್ತಾರೆ. ಈ ಪಾನೀಯವೂ ತಲೆಯೊಳಗೆ ಹಾಗೇ ಕೊರೆದುಕೊಂಡು ಹೋಗುತ್ತದಾದ್ದರಿಂದ ಆ ಹೆಸರು.

"ಯಾವುದು ಸತ್ಯ ಅಪ್ಪಾ?" ಎಂದು ಕೇಳಿದರೆ, "ಡಾಕ್ಟ್ರ ಹತ್ರ ಡಾಕ್ಟ್ರ ಕಥೆ ಹೇಳುದು, ಇಂಜಿನಿಯರ್ ಬಂದ್ರೆ ಬೈರಿಗೆದ್ದು ಹೇಳುದು" ಎನ್ನುತ್ತಿದ್ದರು. ಕೇಳುವವರ ಮುಖ ನೋಡಿ ಮಾತಾಡುವುದು ಅವರ ಕಸುಬೇ ಆಗಿತ್ತು. ಅದು ನನಗೆ ಎಂಥ ಉರಿ ತರಲಿದೆ ಎಂದು ಆಗ ಗೊತ್ತಿರಲಿಲ್ಲ.

ಮಾಡುವ ಕ್ರಮದಲ್ಲಿಯೂ ಪಂಗಡಗಳಿದ್ದವು. ಹಳಬರಿಗೆ ಅರ್ಧ ಜಿನ್, ಅರ್ಧ ನಿಂಬೆ. ವಿಲಾಯತಿಗೆ ಹೋಗಿಬಂದ ಹೊಸಬರಿಗೆ ಮೂರು ಪಾಲು ಜಿನ್ನಿಗೆ ಒಂದೇ ಪಾಲು ನಿಂಬೆ. ಒಬ್ಬ ಪಾರ್ಸಿ ಹೆಂಗಸಿಗೆ ಮೇಲೊಂದಿಷ್ಟು ಸೋಡಾ. ಹಸಿ ನಿಂಬೆ ಹಿಂಡಿ ಸಕ್ಕರೆ ಹಾಕಿಕೊಡು ಎನ್ನುವವರಿಗೂ ಅಪ್ಪ ಮಾಡಿಕೊಡುತ್ತಿದ್ದರು, ಆದರೆ ಮನೆಗೆ ಬಂದು "ಅದು ಗಿಮ್ಲೆಟ್ಟೇ ಅಲ್ಲ, ಅದಕ್ಕೆ ಬೇರೆ ಹೆಸರು ಇಟ್ಕೊಳ್ಳಲಿ" ಎಂದು ಗೊಣಗುತ್ತಿದ್ದರು. ಅವರ ಪ್ರಕಾರ ಗಿಮ್ಲೆಟ್ಟಿಗೆ ಹಸಿ ನಿಂಬೆ ಸಲ್ಲದು. ಸಕ್ಕರೆಯಲ್ಲಿ ಪಳಗಿದ ನಿಂಬೆ ಬೇಕು, ಹಡಗಿನಲ್ಲಿ ಕೆಡದೆ ಉಳಿದದ್ದೂ ಅದೇ. ಹೊರದೇಶದಿಂದ ಬರುತ್ತಿದ್ದ ಆ ರಸದ ಬಾಟಲಿ ಬರುವುದು ನಿಂತಿತು. ಇಲ್ಲಿ ಸಿಗುತ್ತಿದ್ದದ್ದು ಬರೀ ಸಿಹಿ, ಕೆಮ್ಮಿನ ಔಷಧದ ವಾಸನೆ. ಹಾಗಾಗಿ ಅಪ್ಪ ತಾನೇ ಮಾಡತೊಡಗಿದರು, ನಮ್ಮ ಮನೆಯಲ್ಲಿ, ಅಮ್ಮನ ಉಪ್ಪಿನಕಾಯಿ ಭರಣಿಯಲ್ಲಿ.

ರಜೆಯ ದಿನ ಸ್ಟೇಷನ್ನಿನ ಹೊರಗಿನಿಂದ ಚೀಲ ತುಂಬ ನಿಂಬೆ ಬರುತ್ತಿತ್ತು. ಒಳಗಿನ ಬಿಳಿ ಪದರ ತಾಗದ ಹಾಗೆ ಹಸಿರು ಸಿಪ್ಪೆಯನ್ನಷ್ಟೇ ಹೆರೆದು, ಸಕ್ಕರೆಯ ಜೊತೆ ಕೈಯಿಂದ ತಿಕ್ಕಿ ಭರಣಿಯಲ್ಲಿ ಮುಚ್ಚಿಡಬೇಕು. ಸಿಪ್ಪೆಯ ಎಣ್ಣೆ ಬಿಟ್ಟು ಸಕ್ಕರೆ ಒದ್ದೆಯಾದ ಮೇಲೆ ರಸ ಹಿಂಡಿ, ಕರಗಿಸಿ, ಬಟ್ಟೆಯಲ್ಲಿ ಸೋಸುವುದು. ಹೆರೆಯುತ್ತಿದ್ದವಳು ಅಮ್ಮ. ತಿಕ್ಕುತ್ತಿದ್ದವಳು ನಾನು. ಜಿನ್ ಎಂಬ ಶಬ್ದ ಬಾಯಲ್ಲಿ ಬರಬಾರದು ಎನ್ನುತ್ತಿದ್ದ ಅಮ್ಮ, ಅದಕ್ಕೆ ಬೇಕಾದ ಅರ್ಧ ಕೆಲಸವನ್ನು ತಾನೇ ಮಾಡುತ್ತಿದ್ದಳು. ಉಳಿದ ರಸಕ್ಕೆ ನೀರು ಬೆರೆಸಿ ನಮಗೆ ಶರಬತ್ತು. ಬೇಸಗೆಯಲ್ಲಿ ಬಂದ ನೆಂಟರಿಗೂ ಅದೇ.

ಅರವತ್ತರ ದಶಕದ ಕೊನೆಯಲ್ಲಿ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಅದನ್ನೇ ಕೊಟ್ಟೆವು.

ನಾನಾಗ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ ಸ್ವಲ್ಪ ಸಮಯವಾಗಿತ್ತು. ಬಂದವರು ಮೂವರು: ಹುಡುಗ, ಅವನ ತಂದೆ, ತಾಯಿ. ತಂದೆಗೆ ಜೋಗೇಶ್ವರಿಯಲ್ಲಿ ಸ್ಟೇಷನ್ನಿನ ಹತ್ತಿರ ದೊಡ್ಡ ಹೋಟೆಲು ಇತ್ತು. ಹುಡುಗ ಅಲ್ಲೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಆ ಮನುಷ್ಯ ನಮ್ಮವರ ಸಂಘದಲ್ಲಿ ಮುಖಂಡ. ಪ್ರತಿ ವರ್ಷದ ಸಭೆಯಲ್ಲಿ ಕುಡಿತದಿಂದ ಹಾಳಾಗುವ ಸಂಸಾರಗಳ ಬಗ್ಗೆ ಕಣ್ಣೊರೆಸಿಕೊಂಡು ಭಾಷಣ ಮಾಡುತ್ತಿದ್ದ. ಎಲ್ಲರೂ ಅವನನ್ನು ಧಣಿಗಳು ಎನ್ನುತ್ತಿದ್ದರು. ಅವನಿಗೆ ಬಹುವಚನ ಹಚ್ಚಲು ನನ್ನ ಕೈಯಿಂದ ಈಗಲೂ ಆಗುವುದಿಲ್ಲ.

ಬಾಗಿಲು ತೆರೆದದ್ದು ಅಪ್ಪ. ಅವರನ್ನು ಕಂಡ ಕೂಡಲೇ ಧಣಿ ಹೊಸ್ತಿಲಿನ ಮೇಲೇ ಒಂದು ಕ್ಷಣ ತಡೆದು ನಿಂತ. ಚಪ್ಪಲಿ ಬಿಡಲು ತಡವಾಯಿತೆಂದು ನಾನು ತಿಳಿದೆ. ಅಪ್ಪ ಎಂದಿನ ಹಾಗೆ ನಗುತ್ತ "ಬನ್ನಿ ಬನ್ನಿ" ಎಂದರು. ಎಲ್ಲರೂ ಕೂತರು. ಶರಬತ್ತಿನ ತಟ್ಟೆ ಹಿಡಿದು ನಾನು ಬಂದೆ. ಹುಡುಗನ ತಾಯಿ ಒಂದು ಗುಟುಕು ಕುಡಿದು ಕಣ್ಣರಳಿಸಿದಳು.

"ಎಂಥ ಶರಬತ್ತು ಮಾರಾಯ್ತಿ! ನಮ್ಮ ಹೋಟೆಲಿನಲ್ಲಿ ಹೀಗೆ ಆಗುದೇ ಇಲ್ಲ. ಎಂತ ಹಾಕಿದ್ದು ಇದಕ್ಕೆ?"

"ನಿಂಬೆ, ಸಕ್ಕರೆ. ಮತ್ತೆಂತ ಇಲ್ಲ" ಎಂದಳು ಅಮ್ಮ.

ಅಲ್ಲಿಗೆ ನಿಲ್ಲಬೇಕಿತ್ತು. ಹೊಗಳಿಕೆ ಕೇಳಿ ಸುಮ್ಮನಿರುವುದು ಅಪ್ಪನಿಂದ ಆಗುವ ಕೆಲಸವಲ್ಲ. "ಗುಟ್ಟು ಇರುದು ಸಿಪ್ಪೆಯಲ್ಲಿ ಅಮ್ಮಾ" ಎಂದು ಅವರು ಶುರು ಮಾಡಿಯೇ ಬಿಟ್ಟರು. "ನಮ್ಮ ಕ್ಲಬ್ಬಿನ ಗಿಮ್ಲೆಟ್ಟಿಗೆ ನಾನು ಹಾಕುದು ಕೂಡ ಇದನ್ನೇ."

"ಗಿಮ್ಲೆಟ್ ಅಂದ್ರೆ?"

"ಜಿನ್ನಿನದ್ದು."

ಆ ಹೆಂಗಸಿನ ಕೈ ಅಲ್ಲೇ ನಿಂತಿತು. ಗಂಡನ ಮುಖ ನೋಡಿದಳು. ಅವನು ತನ್ನ ಗ್ಲಾಸನ್ನು ನೆಲದ ಮೇಲೆ ಇಟ್ಟ. ನೆಲದ ಮೇಲೆ, ಟೀಪಾಯಿ ಪಕ್ಕದಲ್ಲೇ ಇದ್ದರೂ.

"ನೀವು ಅಲ್ಲಿ ಸ್ಟೋರ್ ನೋಡುದು ಅಂತ ಹೇಳಿದ್ರಲ್ಲ?" ಎಂದು ಧ್ವನಿ ಎತ್ತಿದ. "ನಮ್ಮದು ನಾಲ್ಕು ಜನರ ಎದುರು ನಿಲ್ಲುವ ಮನೆ ಮಾರಾಯ್ರೆ. ಹೆಂಡ ಹೊಯ್ಯುವ ಕೈಯಿಂದ ಧಾರೆ ಎರೆಸಿಕೊಳ್ಳುದು ಹೇಗೆ, ನೀವೇ ಹೇಳಿ."

ಅಪ್ಪನ ತುಟಿಯ ಮೇಲೆ ಅದೇ ನಗು ಹಾಗೇ ಇತ್ತು. ಹುಡುಗ ತಲೆ ಎತ್ತಿ ಫ್ಯಾನ್ ನೋಡುತ್ತಿದ್ದ. ಅವನ ತಾಯಿ ಎದ್ದು, ಕೇಳದೆಯೇ ನಮ್ಮ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಗಂಟಲಿನಿಂದ ಕ್ಯಾಕರಿಸಿ ಉಗುಳುವ ಸದ್ದು ಹಜಾರದಲ್ಲಿ ಕೂತ ನಮಗೆಲ್ಲ ಕೇಳಿಸಿತು. ಅದು ಬರೀ ನಿಂಬೆಯ ನೀರು. ಆ ಸಕ್ಕರೆ ತಿಕ್ಕಿದ್ದು ನನ್ನ ಅಂಗೈ. ಅವಳು ಉಗುಳುತ್ತಿದ್ದದ್ದು ನನ್ನನ್ನೇ ಎಂದು ಅನಿಸಿ ಮೈಯೆಲ್ಲ ಬೆಂಕಿಯಾಯಿತು.

ಅವರು ಹೋದ ಮೇಲೆ ಅಮ್ಮ ಅಡಿಗೆಮನೆಯಲ್ಲಿ ಕೂತು ಅತ್ತಳು. ಅಪ್ಪ ಗ್ಲಾಸುಗಳನ್ನೆಲ್ಲ ಎತ್ತಿ ತಾವೇ ತೊಳೆದು, ಬೆಳಕಿಗೆ ಹಿಡಿದು ಒರೆಸುತ್ತ, ನನಗೆಂದೋ ತಮಗೆಂದೋ ಅಂದರು:

"ಅವನಿಗೆ ಅರ್ಧಕ್ಕರ್ಧವೇ ಆಗ್ಬೇಕು. ಸಿಹಿ ಜಾಸ್ತಿ ಕೇಳ್ತಾನೆ."

"ಯಾರಿಗೆ?"

"ಈಗ ಹೋದನಲ್ಲ. ಎಣ್ಣೆ ವ್ಯಾಪಾರದ ಒಬ್ಬ ಮೆಂಬರು ಇದ್ದಾರೆ, ಅವರ ಗೆಸ್ಟ್ ಆಗಿ ಬರ್ತಾನೆ. ನನ್ನ ಕೈಯ ಗಿಮ್ಲೆಟ್ ಅಂದ್ರೆ ಪ್ರಾಣ ಅವನಿಗೆ."

ನನ್ನ ಬಾಯಿಂದ ಹೊರಟದ್ದು ಮಾತಲ್ಲ, ಕಿರುಚು. "ಮತ್ತೆ ಯಾಕೆ ಹೇಳಲಿಲ್ಲ? ಅವನ ಹೆಂಡತಿ ಎದುರು, ಅವನ ಮಗನ ಎದುರು ಯಾಕೆ ಹೇಳಲಿಲ್ಲ?"

"ಬಾರಿನಲ್ಲಿ ಕಂಡದ್ದನ್ನು ಹೊರಗೆ ಹೇಳ್ಲಿಕ್ಕಿಲ್ಲ ಮಗಾ. ಅದು ನಮ್ಮ ಕೆಲಸದ ಮರ್ಯಾದೆ."

"ನನ್ನ ಮರ್ಯಾದೆ?"

ಅವರು ಗ್ಲಾಸು ಒರೆಸುತ್ತಲೇ ಇದ್ದರು. ನನಗೆ ಆ ಹುಡುಗನ ಮೇಲೆ ಆಸೆಯೇನೂ ಇರಲಿಲ್ಲ. ಫ್ಯಾನ್ ನೋಡುವ ಗಂಡು ನನಗೆ ಬೇಕಾಗಿಯೂ ಇರಲಿಲ್ಲ. ಆದರೆ ಬೇಡ ಎನ್ನುವ ಅವಕಾಶ ನನಗೆ ಬರಬೇಕಿತ್ತು. ಅದಕ್ಕಿಂತ, ಆ ಕಪಟಿಯ ಮುಖದಿಂದ ಮುಸುಕು ಎಳೆಯಲು ಒಂದೇ ಒಂದು ವಾಕ್ಯ ಸಾಕಿತ್ತು, ಅದು ಅಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ಅವರು ಅದನ್ನು ನುಂಗಿಕೊಂಡರು. ಕ್ಲಬ್ಬಿನಲ್ಲಿ ಯಾವನೋ ಕುಡಿದು ಬಿದ್ದರೂ ನಗುತ್ತಲೇ ಎತ್ತಿ ಕೂರಿಸುತ್ತಿದ್ದ ಹಾಗೆ, ಅವನ ಸುಳ್ಳನ್ನೂ ಎತ್ತಿ ಕೂರಿಸಿದರು.

ಧಣಿ ಸುಮ್ಮನಿರಲಿಲ್ಲ. ತನ್ನ ಗುಟ್ಟು ಹೊರಬೀಳಬಾರದೆಂದು ಮೊದಲೇ ನಮ್ಮ ಮೇಲೆ ಕೆಸರು ಎರಚಿಟ್ಟ. "ಬೊರಿವಲಿಯಲ್ಲಿ ಒಂದು ಮನೆ ಉಂಟು, ನೆಂಟರಿಗೆ ಬಾರಿನ ಸಾಮಾನು ಕುಡಿಸ್ತಾರೆ" ಎಂಬ ಮಾತು ಸಂಘದ ಸಭೆಯಿಂದ ಮದುವೆ ಮನೆಗಳಿಗೆ, ಅಲ್ಲಿಂದ ಲೋಕಲ್ ರೈಲಿನ ಲೇಡೀಸ್ ಡಬ್ಬಕ್ಕೆ ಬಂತು. ನಮ್ಮ ಕಡೆಯ ಹೆಂಗಸರು ಎದುರು ಸೀಟಿನಲ್ಲಿ ಕೂತು ನನ್ನನ್ನು ನೋಡಿ ತುಳುವಿನಲ್ಲಿ ಪಿಸುಗುಟ್ಟುತ್ತಿದ್ದರು, ನನಗೆ ತುಳು ಬರುವುದೇ ಇಲ್ಲವೇನೋ ಎಂಬಂತೆ. ಆಮೇಲೆ ಬಂದ ಎರಡು ಸಂಬಂಧಗಳೂ ಬಾಗಿಲವರೆಗೆ ಬಂದು ತಿರುಗಿದವು. ಅಮ್ಮ ದೇವರಿಗೆ ಹರಕೆ ಹೊತ್ತಳು. ಅಪ್ಪ ಬೂಟು ಪಾಲಿಶ್ ಮಾಡಿಕೊಂಡು ಕ್ಲಬ್ಬಿಗೆ ಹೋದರು. ನಾನು ಭರಣಿಗೆ ಕೈ ಹಾಕುವುದನ್ನು ನಿಲ್ಲಿಸಿದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಕಾಯ್ದೆ ಸಡಿಲವಾಗುತ್ತ ಬಂತು. ಪರ್ಮಿಟ್ ಸಿಗುವುದು ಸುಲಭವಾಯಿತು. ಇಡ್ಲಿ ವಡೆಯ ಹೋಟೆಲುಗಳ ಪಕ್ಕದಲ್ಲಿ ಕಪ್ಪು ಗಾಜಿನ ಬಾಗಿಲುಗಳು ಎದ್ದವು, ಅವುಗಳ ಮೇಲೆ ಪರ್ಮಿಟ್ ರೂಮ್ ಎಂಬ ಬೋರ್ಡು. ಬೆಳಿಗ್ಗೆ ಗಣಪತಿಗೆ ಊದುಬತ್ತಿ ಹಚ್ಚಿ, ಅದೇ ಕೈಯಿಂದ ಪೆಗ್ ಅಳೆಯುವ ಮಾಲಕರು ನಮ್ಮವರಲ್ಲೇ ಎಷ್ಟೋ ಜನ ಹುಟ್ಟಿಕೊಂಡರು. ಅವರ ಮಕ್ಕಳಿಗೆ ಸಂಬಂಧ ಸಿಗದೆ ಹೋದದ್ದನ್ನು ನಾನು ಕೇಳಿಲ್ಲ. ಹೊಯ್ಯುವವನಿಗೆ ಮಾತ್ರ ಅಂಟುವ ಮೈಲಿಗೆ, ಹೊಯ್ಯಿಸುವವನಿಗೆ ಅಂಟುವುದಿಲ್ಲ.

ಅದೇ ಹೊತ್ತಿಗೆ ಕ್ಲಬ್ಬಿನವರು ವಯಸ್ಸಾಯಿತೆಂದು ಅಪ್ಪನನ್ನು ಹಾರ ಹಾಕಿ ಮನೆಗೆ ಕಳಿಸಿದರು. ಅಪ್ಪ ಕಿಟಕಿಯ ಹತ್ತಿರ ಕೂತು ಬಿಲ್ಡಿಂಗಿನ ಕೆಳಗೆ ಹೋಗಿಬರುವವರನ್ನು ನೋಡತೊಡಗಿದರು. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಸಿಹಿತಿಂಡಿಯ ಪೊಟ್ಟಣ ಹಿಡಿದುಕೊಂಡು ಧಣಿ ನಮ್ಮ ಮನೆಗೆ ಬಂದ. ಮಗನಿಗೆ ಬೇರೆ ಕಡೆ ಮದುವೆಯಾಗಿ ಮಗುವೂ ಆಗಿತ್ತು.

"ಹಳೆಯದ್ದೆಲ್ಲ ಮರೆತುಬಿಡುವಾ" ಎಂದ, ಹಳೆಯದನ್ನು ಮಾಡಿದವರು ನಾವೇ ಎಂಬಂತೆ. "ಹೋಟೆಲಿನ ಪಕ್ಕದ ರೂಮಿಗೆ ಪರ್ಮಿಟ್ ರೂಮಿನ ಲೈಸೆನ್ಸು ಆಯ್ತು. ಏಸಿ ಹಾಕಿಸಿದ್ದೇನೆ. ಬಿಯರ್ ತೆಗೆದುಕೊಡುವವರು ಬೇಕಾದಷ್ಟು ಸಿಗ್ತಾರೆ. ಆದ್ರೆ ಗಿಮ್ಲೆಟ್ ಅಂದ್ರೆ ಅದಕ್ಕೆ ನಿಮ್ಮ ಕೈಯೇ ಆಗ್ಬೇಕು."

ಅಮ್ಮ ಚಾ ತರುವುದರೊಳಗೆ ಅಪ್ಪ ಒಪ್ಪಿಬಿಟ್ಟಿದ್ದರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಅವನು ಮೆಟ್ಟಿಲಿಳಿದ ಕೂಡಲೇ ಹೊರಗೆ ಬಂದು ಆ ಪೊಟ್ಟಣವನ್ನು ಎತ್ತಿ ಕಿಟಕಿಯಿಂದ ಹೊರಗೆಸೆದೆ.

"ನಿಮಗೆ ನಾಚಿಕೆ ಅನ್ನುದು ಉಂಟಾ ಅಪ್ಪಾ?"

"ಎಂತ ಮಾಡುದು ಮಗಾ, ಮನೆಯಲ್ಲಿ ಕೂತು ಗೋಡೆ ನೋಡುದಾ? ನನಗೆ ಬೇರೆ ಕೆಲಸ ಬರುದಿಲ್ಲ."

"ಮುಂಬಯಿಯಲ್ಲಿ ಬೇರೆ ಬಾರೇ ಇಲ್ವಾ?"

"ಬಾರ್ ಉಂಟು. ಅವರಿಗೆಲ್ಲ ವಿಸ್ಕಿಗೆ ಸೋಡಾ ಹೊಯ್ಯುವವ ಸಾಕು. ಗಿಮ್ಲೆಟ್ ಬೇಕು ಅಂತ ಕೇಳಿಕೊಂಡು ಬಂದವ ಇವನೊಬ್ಬನೇ." ಅವರ ಮುಖದಲ್ಲಿ ಆಗಲೂ ಒಂದು ಬೆಳಕಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು.

"ಇರಲಿ ಬಿಡೇ. ಅವರಿಗೂ ಹೊತ್ತು ಹೋಗ್ಬೇಕಲ್ಲ" ಎಂದಳು ಅಮ್ಮ. ವರ್ಷಗಟ್ಟಲೆ ಸ್ಟೋರ್ ಸ್ಟೋರ್ ಎಂದು ಸುಳ್ಳು ಹೇಳಿಸಿದವಳು!

ಅಪ್ಪ ಜೋಗೇಶ್ವರಿಗೆ ಹೋಗತೊಡಗಿದರು. ಭರಣಿ ಮತ್ತೆ ಕೆಳಗಿಳಿಯಿತು. ತಿಕ್ಕಲು ನಾನಿರಲಿಲ್ಲ, ಅಮ್ಮನೇ ತಿಕ್ಕಿದಳು. ಊಟಕ್ಕೆ ಕೂತಾಗ ಅಪ್ಪ ಅಲ್ಲಿಯ ಸುದ್ದಿ ಹೇಳುತ್ತಿದ್ದರು. ಸುತ್ತಲಿನ ಸಣ್ಣ ಕಾರ್ಖಾನೆಗಳ ಫೋರ್‌ಮನ್‌ಗಳು ಬಂದು "ಜಿಮ್ಲೆಟ್" ಕೇಳುತ್ತಾರಂತೆ. ಒಬ್ಬನಿಗೆ ಅದರಲ್ಲಿ ಉಪ್ಪು ಬೇಕು, ಇನ್ನೊಬ್ಬನಿಗೆ ಸೀಳಿದ ಹಸಿಮೆಣಸು, ಮತ್ತೊಬ್ಬ ಕೋಕಂ ಹಾಕಿಕೊಡು ಎಂದನಂತೆ. ನೋಡಲು ಚಂದ ಕಾಣಬೇಕೆಂದು ಧಣಿ ಹಸಿರು ಬಣ್ಣದ ಸೀಸೆಯೊಂದನ್ನು ತಂದಿಟ್ಟು, ಎಲ್ಲದಕ್ಕೂ ಎರಡು ತೊಟ್ಟು ಹಾಕಿಸುತ್ತಿದ್ದ. "ಪಾಚಿಯ ನೀರಿನ ಹಾಗೆ ಕಾಣ್ತದೆ" ಎಂದು ಅಪ್ಪ ಬೈಯುತ್ತಿದ್ದರು. ಬೈದುಕೊಂಡೇ ಹಾಕುತ್ತಲೂ ಇದ್ದರು. ನಾನು ತಲೆ ಎತ್ತದೆ ಉಂಡು ಏಳುತ್ತಿದ್ದೆ.

ಏನು ಮಾಡಬೇಕೆಂದು ನಾನು ಯೋಚಿಸಿದ್ದು ಲೋಕಲ್ಲಿನಲ್ಲಿ ನಿಂತುಕೊಂಡೇ. ಪರ್ಮಿಟಿಗೆ ಬೇಕಾದ ವಯಸ್ಸು ನನಗೆ ದಾಟಿತ್ತು. ಆಫೀಸಿನ ಊಟದ ಬಿಡುವಿನಲ್ಲಿ ಪರ್ಮಿಟ್ ಕೊಡುವ ಕಚೇರಿಗೆ ಹೋಗಿ ಗಂಡಸರ ಸಾಲಿನಲ್ಲಿ ನಿಂತೆ. ಕಿಟಕಿಯ ಹಿಂದಿನ ಗುಮಾಸ್ತ ಕನ್ನಡಕ ಏರಿಸಿ ನೋಡಿ, "ಬಾಈ, ಕೋಣಾಸಾಠಿ?" ಎಂದು ಮರಾಠಿಯಲ್ಲಿ ಕೇಳಿದ. ಯಾರಿಗೆ, ಗಂಡನಿಗೋ ತಂದೆಗೋ ಎಂದು ಅವನ ಅನುಮಾನ. "ಮಾಝ್ಯಾಸಾಠಿ" ಎಂದೆ, ನನಗೇ. ಸಾಲಿನಲ್ಲಿ ಯಾರೋ ನಕ್ಕರು. ಗುಮಾಸ್ತ ಮಾತ್ರ ನಗಲಿಲ್ಲ; ಕಾಯಿಲೆಯವಳನ್ನು ನೋಡುವ ಹಾಗೆ ನೋಡಿ ಠಸ್ಸೆ ಒತ್ತಿ ಕೊಟ್ಟ.

ಶನಿವಾರ ಆಫೀಸು ಅರ್ಧ ದಿನ. ಮಧ್ಯಾಹ್ನ ಜೋಗೇಶ್ವರಿಯಲ್ಲಿ ಇಳಿದು, ಸಾಂಬಾರಿನ ವಾಸನೆ ದಾಟಿ, ಆ ಕಪ್ಪು ಗಾಜಿನ ಬಾಗಿಲು ತಳ್ಳಿದೆ. ಒಳಗೆ ತಣ್ಣಗೆ, ಮಬ್ಬು. ನಾಲ್ಕಾರು ಗಂಡಸರು ಮಾತು ನಿಲ್ಲಿಸಿ ತಿರುಗಿದರು. ಗಲ್ಲಾಪೆಟ್ಟಿಗೆಯ ಮುಂದೆ ಅದೇ ಮಗ, ದಪ್ಪಗಾಗಿದ್ದ. ಬಾರಿನ ಹಿಂದೆ ಬಿಳಿ ಕೋಟಿನಲ್ಲಿ ಅಪ್ಪ. ಅವರ ಕೈಯಲ್ಲಿದ್ದ ಬಟ್ಟೆ ನಿಂತಿತು. ನಾನು ನಡುವಿನ ಮೇಜಿಗೆ ಹೋಗಿ ಕೂತೆ.

ವೈಟರ್ ಹತ್ತಿರ ಬರಲಿಲ್ಲ, ಹೋಗಿ ಧಣಿಯನ್ನು ಕರೆತಂದ. ಧಣಿ ಬಗ್ಗಿ, ಹಲ್ಲು ಕಚ್ಚಿಕೊಂಡು ಮೆಲ್ಲಗೆ ಹೇಳಿದ: "ಎಂತ ಇದು? ಹೆಣ್ಣುಮಕ್ಕಳು ಕೂತ್ಕೊಳ್ಳುವ ಜಾಗವಾ? ಆಚೆ ಫ್ಯಾಮಿಲಿ ರೂಮಿಗೆ ಹೋಗು, ದೋಸೆ ಕಳಿಸ್ತೇನೆ."

"ಹೆಂಗಸರಿಗೆ ಇಲ್ಲ ಅಂತ ಬೋರ್ಡಿನಲ್ಲಿ ಬರೆದಿಲ್ಲ" ಎಂದು ಪರ್ಮಿಟನ್ನು ಮೇಜಿನ ಮೇಲಿಟ್ಟೆ. ನಾನು ಮೆಲ್ಲಗೆ ಮಾತಾಡಲಿಲ್ಲ. "ಒಂದು ಗಿಮ್ಲೆಟ್. ಬಣ್ಣ ಬೇಡ. ಅರ್ಧಕ್ಕರ್ಧ, ಸಿಹಿ ಜಾಸ್ತಿ. ನೀವು ಕ್ಲಬ್ಬಿಗೆ ಬಂದು ಅಪ್ಪನ ಕೈಯಿಂದ ಕುಡೀತಿದ್ದಿರಲ್ಲ, ನಮ್ಮ ಮನೆಗೆ ಹೆಣ್ಣು ನೋಡ್ಲಿಕ್ಕೆ ಬರುವ ಮೊದಲೇ, ಹಾಗೇ ಇರ್ಲಿ."

ಗಲ್ಲಾಪೆಟ್ಟಿಗೆಯ ಮುಂದಿದ್ದ ಮಗ ತಲೆ ಎತ್ತಿ ತಂದೆಯನ್ನು ನೋಡಿದ. ಈ ಸಲ ಫ್ಯಾನ್ ನೋಡಲಿಲ್ಲ. ಧಣಿಯ ಕುತ್ತಿಗೆ ಕೆಂಪಾಯಿತು. ಸುತ್ತ ಗಿರಾಕಿಗಳನ್ನು ನೋಡಿ ಒಳಗೆ ಹೋದ. ಆ ಕೆಂಪು ಕುತ್ತಿಗೆ ನೋಡಿ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ಅದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವವಳಲ್ಲ.

ಗ್ಲಾಸನ್ನು ಅಪ್ಪನೇ ತಂದರು. ಮುಖದಲ್ಲಿ ಒಂದು ಗೆರೆಯೂ ಇಲ್ಲ. ಎದುರಿಗಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಕ್ಲಬ್ಬಿನ ಇಂಗ್ಲಿಷಿನಲ್ಲಿ ಕೇಳಿದರು: "ಎನಿಥಿಂಗ್ ಎಲ್ಸ್, ಮೇಡಂ?"

ನಾನು ಬೇಡವೆಂದು ತಲೆಯಾಡಿಸಿದೆ. ಅಂಥ ಪಾನೀಯ ನಾನು ಬಾಯಿಗಿಟ್ಟದ್ದು ಅದೇ ಮೊದಲು. ಮೊದಲು ನಮ್ಮ ಮನೆಯ ನಿಂಬೆಯೇ ಬಂತು, ಅದರ ಬೆನ್ನಿಗೆ ಕಹಿ, ಆಮೇಲೆ ಗಂಟಲಿನಲ್ಲಿ ಸೀಮೆಎಣ್ಣೆಯ ಹಾಗೆ ಉರಿ. ನನಗೆ ಅದು ಸೇರಲಿಲ್ಲ. ಆದರೂ ತಳದವರೆಗೆ ಕುಡಿದು, ಬಿಲ್ಲು ಕೊಟ್ಟು ಎದ್ದೆ. ಬಾಗಿಲ ಹೊರಗಿನ ಬಿಸಿಲಿನಲ್ಲಿ ತಲೆ ತಿರುಗಿತು. ರಸ್ತೆಯ ಬದಿಯ ಕಟ್ಟೆ ಹಿಡಿದು ನಿಂತು, ಸ್ಟೇಷನ್ನಿಗೆ ನಡೆದೆ.

ಅಪ್ಪ ಮನೆಗೆ ಬಂದವರು ಕೋಟು ತೆಗೆಯುವ ಮೊದಲೇ ಅಂದರು, "ನನ್ನ ಬಾರಿನ ಮರ್ಯಾದೆ ತೆಗೆದೆ ನೀನು."

"ಅವನದ್ದು ಉಳಿಸ್ಲಿಕ್ಕೆ ನೀವಿದ್ದೀರಿ. ನನ್ನದು ಉಳಿಸ್ಲಿಕ್ಕೆ ನಾನೇ ಹೋಗ್ಬೇಕಾಯ್ತು."

ಅದಾದ ಮೇಲೆ ನಮ್ಮಿಬ್ಬರ ನಡುವೆ ಮಾತು ನಿಂತಿತು. ಸಾರು ಬೇಕೇ ಎಂದು ಕೇಳಲೂ ಅಮ್ಮನೇ ನಡುವೆ ಬರಬೇಕು. ಧಣಿ ಅವರನ್ನು ಕೆಲಸದಿಂದ ತೆಗೆಯುತ್ತಾನೆಂದು ನಾನು ಕಾದೆ. ತೆಗೆಯಲಿಲ್ಲ. ಅವನ ವ್ಯಾಪಾರಕ್ಕೆ ಅಪ್ಪ ಬೇಕಾಗಿದ್ದರು. ಅಪ್ಪನೂ ಬಿಡಲಿಲ್ಲ.

ಬಿಟ್ಟದ್ದು ಮರುವರ್ಷ, ಬೇರೆ ಕಾರಣಕ್ಕೆ. ಅವತ್ತು ರಜೆಯಿದ್ದು ನಾನು ಮನೆಯಲ್ಲಿದ್ದೆ. ಸಂಜೆಯಾಗುವ ಮೊದಲೇ ಅಪ್ಪ ಬಂದರು. ಬಿಳಿ ಕೋಟನ್ನು ಮಡಚದೆ ಮುದ್ದೆ ಮಾಡಿ ಕಂಕುಳಲ್ಲಿ ಹಿಡಿದಿದ್ದರು. ಅಂಥ ಸಿಟ್ಟಿನಲ್ಲಿ ನಾನು ಅವರನ್ನು ಎಂದೂ ನೋಡಿರಲಿಲ್ಲ.

"ಜಿನ್ನಿನ ಬಾಟ್ಲಿಗೆ ಹಾತಭಟ್ಟಿ ತುಂಬಿಸುದಂತೆ!" ಎಂದು ಅಮ್ಮನಿಗೆ ಕೂಗಿ ಹೇಳಿದರು. ಕಾಡಿನಂಚಿನಲ್ಲಿ ಕದ್ದು ಭಟ್ಟಿ ಇಳಿಸಿದ ಕಳ್ಳ ಸಾರಾಯಿ ಅದು. "ನಿಂಬೆ ಹಾಕಿದ್ರೆ ಯಾರಿಗೂ ಗೊತ್ತಾಗುದಿಲ್ಲ, ಅದಕ್ಕೇ ಅಲ್ವಾ ನಿಮ್ಮನ್ನು ಇಟ್ಕೊಂಡದ್ದು ಅಂತ ಹೇಳ್ತಾನೆ. ನನ್ನ ನಿಂಬೆ! ನನ್ನ ಕೈ! ಎಲ್ಲ ಬಾಟ್ಲಿ ಅವನ ಎದುರೇ ಮೋರಿಗೆ ಹೊಯ್ದೆ. ಏ ಕಳ್ಳಾ ಅಂತ ಕರೆದೆ. ಗಿರಾಕಿಗಳ ಎದುರೇ ಕರೆದೆ."

ಅಮ್ಮ ಕಣ್ಣರಳಿಸಿ ಕೇಳಿದಳು. ಪಕ್ಕದ ಮನೆಯವರು ಬಂದರು, ಅವರಿಗೆ ಇನ್ನೊಮ್ಮೆ ಹೇಳಿದರು. ಕೆಳಗಿನ ಮನೆಯವರಿಗೆ ಮತ್ತೊಮ್ಮೆ. ಪ್ರತಿ ಸಲವೂ ಮೋರಿಗೆ ಹೊಯ್ಯುವಾಗ ಅವರ ತೋಳು ಮೇಲೇಳುತ್ತಿತ್ತು. "ಗಂಡಸು ಅಂದ್ರೆ ಹೀಗಿರ್ಬೇಕು" ಎಂದು ಯಾರೋ ಅಂದರು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ಎಲ್ಲರೂ ಹೋಗುವ ತನಕ ಕಾದು, ಎಷ್ಟೋ ತಿಂಗಳ ನಂತರ ಅವರೊಡನೆ ಬಾಯಿ ತೆರೆದೆ.

"ಅವನ ಹೆಂಡತಿ ನಮ್ಮ ಬಚ್ಚಲಲ್ಲಿ ಉಗುಳಿದ ದಿನ ಈ ಸಿಟ್ಟು ಎಲ್ಲಿತ್ತು ಅಪ್ಪಾ?"

ಅವರ ಮುಖದ ಉಬ್ಬರ ಇಳಿಯಿತು. "ಅದು ಬೇರೆ ಮಗಾ."

"ಹೇಗೆ ಬೇರೆ?"

"ಸಂಬಂಧ ಬೇಡ ಅನ್ನುದು ಅವರವರ ಇಷ್ಟ. ಇದು ಕುಡಿದವರು ಕಣ್ಣು ಕಳಕೊಳ್ಳುವ ವಿಷಯ, ಸಾಯುವ ವಿಷಯ. ನನ್ನನ್ನು ನಂಬಿ ಕುಡಿಯುದು ಅವರು."

"ನಾನು ಕೂಡ ನಿಮ್ಮನ್ನು ನಂಬಿದ್ದೆ."

ಎಷ್ಟೋ ಜನರಿಗೆ ಎಷ್ಟೋ ಕಥೆ ಕಟ್ಟಿ ಹೇಳಿದವರಿಗೆ ನನಗೆಂದು ಒಂದು ವಾಕ್ಯ ಸಿಗಲಿಲ್ಲ. ಅವರು ಹೇಳಿದ್ದು ತಪ್ಪಲ್ಲ ಎಂದು ನನಗೂ ಗೊತ್ತಿತ್ತು. ಆ ಸಾರಾಯಿ ಕುಡಿದು ಸತ್ತವರ ಸುದ್ದಿ ಮುಂಬಯಿಯಲ್ಲಿ ಹೊಸತಲ್ಲ. ಅವರು ಮಾಡಿದ್ದು ಒಳ್ಳೆಯ ಕೆಲಸವೇ. ಅದು ಒಳ್ಳೆಯ ಕೆಲಸವಾದದ್ದರಿಂದಲೇ ನನಗೆ ತಡೆಯಲಾರದ ಸಿಟ್ಟು ಬಂದದ್ದು. ಸಿಟ್ಟು ಮಾಡಲು ಬಾರದ ಮನುಷ್ಯ ಎಂದು ಅಷ್ಟು ವರ್ಷ ನಾನು ಸಮಾಧಾನ ಹೇಳಿಕೊಂಡಿದ್ದೆ. ಅವರಿಗೆ ಬರುತ್ತಿತ್ತು. ಗಿರಾಕಿಗಳಿಗಾಗಿ ಬಂತು, ಜಿನ್ನಿಗಾಗಿ ಬಂತು.

ಧಣಿಗೆ ಏನೂ ಆಗಲಿಲ್ಲ. ಪರ್ಮಿಟ್ ರೂಮು ನಡೆಯಿತು, ಪಕ್ಕದಲ್ಲಿ ಇನ್ನೊಂದು ಎದ್ದಿತು, ಸಂಘದವರು ಅವನಿಗೆ ಶಾಲು ಹೊದೆಸಿದರು. ಅಪ್ಪ ಆಮೇಲೆ ಪವಾಯಿಯ ಹತ್ತಿರ ಒಂದು ಕ್ಯಾಂಟೀನಿನಲ್ಲಿ ಚಾ, ಶರಬತ್ತು ನೋಡಿಕೊಂಡಿದ್ದರು, ಕೈಲಾಗುವಷ್ಟು ದಿನ. ನಮ್ಮಿಬ್ಬರ ನಡುವೆ ಹವೆ, ಔಷಧಿ, ರೈಲಿನ ಮಾತು ನಡೆಯುತ್ತಿತ್ತು. ಇದರ ಮಾತು ಮತ್ತೆ ಬರಲಿಲ್ಲ. ಈಗ ಅವರಿಲ್ಲ. ಸಿಟ್ಟು ಇಳಿದಿದೆ ಎಂದು ಬರೆದರೆ ಓದುವವರಿಗೆ ಹಿತವಾದೀತು. ಇಳಿದಿಲ್ಲ.

ನಾನು ಮನೆ ಬಿಟ್ಟದ್ದು ಆ ಜಗಳದ ಮುಂದಿನ ಸೋಮವಾರ. ದಾದರಿನ ಲೇಡೀಸ್ ಹಾಸ್ಟೆಲಿನಲ್ಲಿ ಒಂದು ಮಂಚ ಸಿಕ್ಕಿತ್ತು. ಅಮ್ಮ ಅಳುತ್ತ ಚಪಾತಿ ಕಟ್ಟಿಕೊಟ್ಟಳು. ಅಪ್ಪ ಕನ್ನಡಿಯ ಎದುರು ನಿಂತು, ಹೋಗಲು ಕೆಲಸವಿಲ್ಲದಿದ್ದರೂ, ಡ್ಯೂಟಿಗೆ ಹೊರಟವರ ಹಾಗೆ ಗಡ್ಡ ಹೆರೆಯುತ್ತಿದ್ದರು. ನಾನು ಪೆಟ್ಟಿಗೆ ಎತ್ತಿಕೊಂಡು ಅವರ ಬೆನ್ನ ಹಿಂದಿನಿಂದ ಹಾದುಹೋದೆ. ಸೋಪಿನ ನೊರೆಯೊಳಗಿಂದ ಅವರು ಕನ್ನಡಿಗೇ ಹೇಳಿದರು:

"ಬೇಗ ಹೋದ್ರೆ ಫಾಸ್ಟ್ ಲೋಕಲ್ ಸಿಗ್ತದೆ."

ನಾನು ಬೇಕೆಂದೇ ನಿಧಾನವಾಗಿ ಮೆಟ್ಟಿಲಿಳಿದೆ. ಪ್ಲಾಟ್‌ಫಾರ್ಮಿನಲ್ಲಿ ಫಾಸ್ಟ್ ನಿಂತಿತ್ತು. ಅದು ಹೋಗುವ ತನಕ ಪೆಟ್ಟಿಗೆಯ ಮೇಲೆ ಕೂತಿದ್ದು, ಹಿಂದಿನಿಂದ ಬಂದ ಸ್ಲೋ ಗಾಡಿ ಹತ್ತಿದೆ.